ಗಳಗಂಡವೇ ಬೇರೆ, ಗಂಡಮಾಲೆಯೇ ಬೇರೆ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಕಾಲದ ರೋಗರುಜಿನ, ನಾಟಿವೈದ್ಯ, ಊರಿನ ಚರಿತ್ರೆ ಇವುಗಳ ಬಗ್ಗೆ ಪುರವಣಿಗಳಲ್ಲೂ ಜಾತ್ರೆಯ ಸ್ಮರಣ ಸಂಚಿಕೆಗಳಲ್ಲೂ ಬರೆಯುವವರು ಈಚೆಗೆ ಹೆಚ್ಚಿದ್ದಾರೆ. ಸಂತೋಷ. ಆದರೆ ಒಂದು ತಪ್ಪು ಒಬ್ಬರ ಲೇಖನದಿಂದ ಇನ್ನೊಬ್ಬರ ಲೇಖನಕ್ಕೆ ದಾಟುತ್ತಲೇ ಇದೆ. ಹಳೆಯ ಬರಹದಲ್ಲಿ ಕುತ್ತಿಗೆಯ ಊತ ಕಂಡರೆ ಸಾಕು, ಅದಕ್ಕೆ 'ಗಳಗಂಡ, ಅಂದರೆ ಥೈರಾಯ್ಡ್' ಎಂದು ಬರೆದುಬಿಡುತ್ತಾರೆ. ಎರಡು ಸಾಲು ಕೆಳಗೆ ಅದೇ ರೋಗ 'ಗಂಡಮಾಲೆ' ಆಗಿರುತ್ತದೆ. ಇವೆರಡು ಬೇರೆ ಬೇರೆ ರೋಗ. ಗಳಗಂಡ ಎಂದರೆ ಥೈರಾಯ್ಡ್ ಗ್ರಂಥಿ ಊದಿಕೊಂಡದ್ದು. ಗಂಡಮಾಲೆ ಎಂದರೆ ಸಾಲುಸಾಲಾಗಿ ಏಳುವ ಗಡ್ಡೆ, ಬಹುಮಟ್ಟಿಗೆ ದುಗ್ಧರಸ (ಲಿಂಫ್) ಗ್ರಂಥಿಗಳ ಕ್ಷಯ, ಅಂದರೆ ಟಿ.ಬಿ. ಮೊದಲನೆಯದು ಊರಿಗೆ ಊರೇ ಹರಡದಂತೆ ತಡೆಯಲು ಉಪ್ಪಿನಲ್ಲಿ ಅಯೋಡಿನ್ ಇದ್ದರೆ ಸಾಕು. ಎರಡನೆಯದಕ್ಕೆ ಆರು ತಿಂಗಳಾದರೂ ಬಿಡದೆ ಟಿ.ಬಿ. ಮಾತ್ರೆ ನುಂಗಬೇಕು. ಲೇಖನ ಓದಿದವರು ಮನೆಯಲ್ಲಿ ಯಾರದೋ ಕೊರಳು ಮುಟ್ಟಿ ನೋಡಿ, 'ಇದು ಪೇಪರಿನಲ್ಲಿ ಬಂದದ್ದೇ' ಎಂದುಕೊಂಡು ಉಪ್ಪಿನ ಪ್ಯಾಕೆಟ್ ಬದಲಾಯಿಸಿ ಸುಮ್ಮನಾದರೆ ಆಗುವ ನಷ್ಟ ದೊಡ್ಡದು. ಹಾಗಾಗಿ ಪತ್ರ ಉದ್ದವಾಗಿದೆ, ಕ್ಷಮೆಯಿರಲಿ.

ಗ್ರಂಥ ಆಮೇಲೆ, ಮೊದಲು ಕೊರಳನ್ನೇ ನೋಡೋಣ. ಗಂಟಲಮಣಿಯ ಕೆಳಗೆ, ಶ್ವಾಸನಾಳದ ಮುಂದೆ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ ಥೈರಾಯ್ಡ್ ಇರುತ್ತದೆ: ಆಚೆ ಈಚೆ ಎರಡು ಹಾಲೆ, ನಡುವೆ ಕಿರಿದಾದ ಸೇತುವೆ. ದೊಡ್ಡವರಲ್ಲಿ ಅದರ ತೂಕ ಸುಮಾರು 20 ಗ್ರಾಂ. ಅದು ಶ್ವಾಸನಾಳಕ್ಕೆ ಬಿಗಿದುಕೊಂಡಿರುವುದರಿಂದ ಗುಟುಕು ನುಂಗಿದಾಗಲೆಲ್ಲ ಮೇಲೇರಿ ಕೆಳಗಿಳಿಯುತ್ತದೆ. ದುಗ್ಧರಸ ಗ್ರಂಥಿಗಳಿಗೆ ಆ ಕಟ್ಟು ಇಲ್ಲ. ಅವು ದವಡೆಯ ಕೆಳಗೆ, ಕಿವಿಯ ಹಿಂದೆ, ಕೊರಳ ಪಕ್ಕದ ಉದ್ದಕ್ಕೆ, ಭುಜದ ಮೂಳೆಯ ಗುಳಿಯಲ್ಲಿ ಇರುತ್ತವೆ, ನುಂಗಿದರೆ ಅಲ್ಲಾಡುವುದಿಲ್ಲ. ಇಷ್ಟು ತಿಳಿದಿದ್ದರೆ ಅರ್ಧ ಗೊಂದಲ ತೀರಿತು.

ನೋಡುವ ಕ್ರಮ ಹೀಗೆ. ಬೆಳಕಿಗೆ ಎದುರಾಗಿ ಕೂರಿಸಿ, ತಲೆ ಸಹಜವಾಗಿರಲಿ. ಕೈ ಹಾಕುವ ಮೊದಲು ಕಣ್ಣಲ್ಲೇ ನೋಡಬೇಕು. ಒಂದು ಲೋಟ ನೀರು ಕೊಟ್ಟು ಒಂದೊಂದೇ ಗುಟುಕು ನುಂಗಿಸಬೇಕು. ಊತ ಗುಟುಕಿನ ಜೊತೆ ಏರಿದರೆ ಅದು ಥೈರಾಯ್ಡ್ ಇರಬಹುದು. ನಾಲಗೆ ಹೊರಚಾಚಿದಾಗಲೂ ಮೇಲೇರುವ ನಡುಗೊರಳಿನ ಉಂಡೆ ಇನ್ನೊಂದು ಬಗೆ, ಹುಟ್ಟಿನಿಂದ ಉಳಿದ ನಾಳದ ನೀರುಗುಳ್ಳೆ; ಅದನ್ನು ಗಳಗಂಡದ ಲೆಕ್ಕಕ್ಕೆ ಸೇರಿಸಬಾರದು. ಆಮೇಲೆ ಎರಡು ಹೆಬ್ಬೆರಳಿಂದ ಶ್ವಾಸನಾಳದ ಎರಡೂ ಬದಿ ಮೆತ್ತಗೆ ಸವರಬೇಕು. ವಿಶ್ವ ಆರೋಗ್ಯ ಸಂಸ್ಥೆ 1960ರಲ್ಲಿ ಕೊಟ್ಟ ಅಳತೆಯಂತೆ, ಹಾಲೆಯು ಹೆಬ್ಬೆರಳಿನ ತುದಿಯ ಗೆಣ್ಣಿಗಿಂತ ದೊಡ್ಡದಿದ್ದರೆ ಗಳಗಂಡ. ಯಾರ ಹೆಬ್ಬೆರಳು? ಪರೀಕ್ಷೆಗೆ ಕೂತವರದು. ಎಂಟು ವರ್ಷದ ಹುಡುಗಿಯ ಕೊರಳನ್ನು ನಲವತ್ತು ವರ್ಷದ ಕಾರ್ಯಕರ್ತರು ತಮ್ಮ ಹೆಬ್ಬೆರಳಿಗೆ ಹೋಲಿಸಿದರೆ ಗಳಗಂಡ ಸಿಕ್ಕುವುದೇ ಇಲ್ಲ. 1994ರಿಂದ ಬಂದ ದರ್ಜೆ ಇನ್ನೂ ಸರಳ: ಮುಟ್ಟಿದರೂ ಸಿಗದು, ನೋಡಿದರೂ ಕಾಣದು ಎಂದರೆ 0, ಮುಟ್ಟಿದರೆ ಸಿಗುತ್ತದೆ, ಕಣ್ಣಿಗೆ ಕಾಣದು ಎಂದರೆ 1, ತಲೆ ಸಹಜವಾಗಿದ್ದಾಗಲೇ ಕಣ್ಣಿಗೆ ಕಂಡರೆ 2. ಇಲ್ಲೂ ಎಡವುವ ಜಾಗ ಒಂದಿದೆ. ತಲೆ ಹಿಂದಕ್ಕೆ ಬಾಗಿಸಿದರೆ ತೆಳ್ಳಗಿನ ಕೊರಳಲ್ಲಿ ಸರಿಯಾದ ಥೈರಾಯ್ಡ್ ಕೂಡ ಎದ್ದು ಕಾಣುತ್ತದೆ, 1ನ್ನು 2 ಎಂದು ಬರೆದುಬಿಡುತ್ತಾರೆ. 6ರಿಂದ 12 ವರ್ಷದ ಶಾಲಾ ಮಕ್ಕಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಮಂದಿಗೆ ಊತವಿದ್ದರೆ ಆ ಪ್ರದೇಶದಲ್ಲಿ ಗಳಗಂಡ ನೆಲೆಯೂರಿದೆ ಎಂದು ಲೆಕ್ಕ.

ಈಗ ಗ್ರಂಥಕ್ಕೆ ಬರೋಣ. ನಮ್ಮ ಹಳಬರು ಈ ಎರಡನ್ನು ಬೆರೆಸಿರಲಿಲ್ಲ, ಬೆರೆಸಿದ್ದು ನಾವು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 12ನೇ ಅಧ್ಯಾಯ, ಊತಗಳ ಅಧ್ಯಾಯ, ಅರ್ಧ ಶ್ಲೋಕದಲ್ಲಿ ಗೆರೆ ಎಳೆದುಬಿಡುತ್ತದೆ: 'ಗಲಸ್ಯ ಪಾರ್ಶ್ವೇ ಗಲಗಂಡ ಏಕಃ ಸ್ಯಾದ್ ಗಂಡಮಾಲಾ ಬಹುಭಿಸ್ತು ಗಂಡೈಃ'. ಒಂದೇ ಇದ್ದರೆ ಗಲಗಂಡ (ನಮ್ಮ ಗಳಗಂಡದ ಸಂಸ್ಕೃತ ರೂಪ), ಹಲವು ಗಂಟುಗಳಿದ್ದರೆ ಗಂಡಮಾಲೆ. ಮಾಲೆ ಎಂಬ ಪದದಲ್ಲೇ ಲೆಕ್ಕವಿದೆ. ಒಂದು ಮಣಿಯಿಂದ ಮಾಲೆ ಆಗುವುದಿಲ್ಲ. ಆದರೆ ಇಲ್ಲಿ 'ಪಾರ್ಶ್ವೇ', ಕೊರಳ ಪಕ್ಕದಲ್ಲಿ, ಎಂಬ ಮಾತೂ ಇದೆ. ಆದ್ದರಿಂದ ಚರಕನ ಗಲಗಂಡವೆಲ್ಲ ನಮ್ಮ ಥೈರಾಯ್ಡೇ ಎಂದು ಹಟ ಹಿಡಿಯಲಾಗದು. ಬರೀ ಎಣಿಸಿದರೆ ಸಾಲದು, ಜಾಗವನ್ನೂ ನೋಡಬೇಕು.

ಜಾಗ ಸಿಗುವುದು ಸುಶ್ರುತನಲ್ಲಿ. ನಿದಾನಸ್ಥಾನದ 11ನೇ ಅಧ್ಯಾಯದಲ್ಲಿ ಗ್ರಂಥಿ, ಅಪಚೀ, ಅರ್ಬುದ, ಗಲಗಂಡ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಒಂದೊಂದನ್ನೂ ಬಿಡಿಸಿ ಹೇಳಿದ್ದಾನೆ. ಗಲಗಂಡಕ್ಕೆ ಅವನ ಹೋಲಿಕೆ 'ಮುಷ್ಕವತ್ ಲಂಬತೇ ಗಲೇ': ಕೊರಳಲ್ಲಿ ವೃಷಣದ ಹಾಗೆ ಜೋತುಬೀಳುತ್ತದೆ, ಚಿಕ್ಕದಿರಲಿ ದೊಡ್ಡದಿರಲಿ. ಕನ್ನಡಕ್ಕೆ ತರುವಾಗ ನಾಚಿಕೊಂಡು 'ಚೀಲದಂತೆ' ಎಂದು ಬರೆದರೆ ಹೋಲಿಕೆಯ ಸತ್ವವೇ ಹೋಗುತ್ತದೆ. ಎರಡು ಹಾಲೆ, ನಡುವೆ ಸಣ್ಣ ತಗ್ಗು, ಕೆಳಕ್ಕೆ ಜೋಲು: ಹಳೆಯ, ದೊಡ್ಡ ಗಳಗಂಡವನ್ನು ನೋಡಿದ ಯಾರಿಗಾದರೂ ಆ ಹೋಲಿಕೆ ತಟ್ಟನೆ ಹೊಳೆಯುತ್ತದೆ. ವಾತ, ಕಫ, ಮೇದಸ್ಸು ಎಂದು ಮೂರು ಬಗೆ ಹೇಳುತ್ತಾನೆ. ಪಿತ್ತದ ಬಗೆ ಇಲ್ಲ. ಪಿತ್ತವೆಂದರೆ ಉರಿ, ಕೆಂಪು, ಕೀವು. ಥೈರಾಯ್ಡ್ ಊತ ಕೀವಾಗಿ ಒಡೆಯುವುದು ಬಲು ಅಪರೂಪ, ಪಟ್ಟಿಯಲ್ಲಿ ಪಿತ್ತ ಇಲ್ಲದಿರುವುದಕ್ಕೆ ನಮಗೆ ತೋರುವ ಕಾರಣ ಇದೇ. ವೈದ್ಯ ಚಿಕಿತ್ಸೆಗೆ ಕೈಹಾಕಬಾರದ ರೋಗಿಯ ಲಕ್ಷಣವನ್ನೂ ಕೊಡುತ್ತಾನೆ: ವರ್ಷ ದಾಟಿದ ಊತ, ಉಸಿರಾಟಕ್ಕೆ ಕಷ್ಟ, ಊಟ ಸೇರದಿರುವುದು, ಸೊರಗಿದ ಮೈ, ಒಡೆದ ದನಿ. ಊತ ಶ್ವಾಸನಾಳವನ್ನು ಒತ್ತಿದರೆ ಉಸಿರು ಕಟ್ಟುತ್ತದೆ. ದನಿಯ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಇವತ್ತಿಗೂ ಕೊರಳ ಊತದ ಜೊತೆ ಈ ಎರಡು ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸುವುದೇ ಕ್ರಮ.

ಅದೇ ಅಧ್ಯಾಯದ ಅಪಚೀ ವರ್ಣನೆಯನ್ನು ಪಕ್ಕದಲ್ಲಿಟ್ಟು ನೋಡಿ. ದವಡೆ, ಕಂಕುಳು, ಭುಜದ ಮೂಳೆ, ಕೊರಳ ಹಿಂಭಾಗ; ನೆಲ್ಲಿಬೀಜದಷ್ಟು ಗಂಟುಗಳು, ಮೀನಿನ ಮೊಟ್ಟೆಯ ಗೊಂಚಲಿನ ಹಾಗೆ; ಕೆಲವು ಒಡೆದು ಸೋರುತ್ತವೆ, ಕೆಲವು ಅಡಗುತ್ತವೆ, ಹೊಸವು ಏಳುತ್ತವೆ; ವರ್ಷಗಟ್ಟಲೆ ಕಾಡುತ್ತವೆ. ಇದು ಗ್ರಂಥಿಕ್ಷಯದ ಚಿತ್ರ. ಇದರಲ್ಲಿ ಥೈರಾಯ್ಡಿನ ಮಾತೇ ಇಲ್ಲ. ಅಥರ್ವವೇದದಲ್ಲಿ ಬರುವ 'ಅಪಚಿತ್'ಗಳೂ ಹೀಗೇ. ಆರನೇ ಕಾಂಡದ 25ನೇ ಸೂಕ್ತ ಅವನ್ನು ಐದು ಮತ್ತು ಐವತ್ತು, ಏಳು ಮತ್ತು ಎಪ್ಪತ್ತು, ಒಂಬತ್ತು ಮತ್ತು ತೊಂಬತ್ತು ಎಂದು ಎಣಿಸುತ್ತದೆ. ತೊಂಬತ್ತೊಂಬತ್ತು ಥೈರಾಯ್ಡ್ ಯಾರಿಗೂ ಇರುವುದಿಲ್ಲ. ಆದರೂ 'ವೇದಕಾಲದಲ್ಲೇ ಗಳಗಂಡದ ಅರಿವಿತ್ತು' ಎನ್ನುವ ಲೇಖನಗಳು ಇದೇ ಸೂಕ್ತವನ್ನು ಆಧಾರ ಕೊಡುತ್ತವೆ.

ಪದ ಜಾರಿದ್ದು ನಮ್ಮಲ್ಲಿ ಮಾತ್ರ ಅಲ್ಲ. ಲ್ಯಾಟಿನ್ನಿನ 'ಸ್ಟ್ರೂಮಾ' ರೋಮಿನ ಸೆಲ್ಸಸ್‌ಗೆ ಕೊರಳು, ಕಂಕುಳು, ತೊಡೆಸಂದಿಯ ಗಂಟುಗಳು. ಥೈರಾಯ್ಡ್ ಶಸ್ತ್ರಚಿಕಿತ್ಸೆಗಾಗಿ 1909ರಲ್ಲಿ ನೊಬೆಲ್ ಪಡೆದ ಸ್ವಿಟ್ಜರ್ಲೆಂಡಿನ ಕೋಷರ್ ಬರೆಯುವ ಹೊತ್ತಿಗೆ ಅದೇ ಪದ ಗಳಗಂಡವಾಗಿತ್ತು. ಸೆಲ್ಸಸ್ ಥೈರಾಯ್ಡ್ ಜಾಗದ ಊತಕ್ಕೆ ಬಳಸಿದ್ದು 'ಬ್ರಾಂಕೋಸೀಲ್'. ಇಂಗ್ಲೆಂಡಿನ ರಾಜರಾಣಿಯರು ಮುಟ್ಟಿ ವಾಸಿ ಮಾಡುತ್ತಿದ್ದರೆಂಬ 'ರಾಜರೋಗ'ವನ್ನೂ ಕನ್ನಡದಲ್ಲಿ ಗಳಗಂಡ ಎನ್ನುವವರಿದ್ದಾರೆ. ಅದು ಗಂಡಮಾಲೆ. ನಿಘಂಟು ಬರೆದ ಸ್ಯಾಮ್ಯುಯಲ್ ಜಾನ್ಸನ್‌ನನ್ನು ಎರಡೂವರೆ ವರ್ಷದ ಮಗುವಾಗಿದ್ದಾಗ, 1712ರಲ್ಲಿ, ರಾಣಿ ಆ್ಯನ್ ಮುಟ್ಟಿದ್ದಳು; ರೋಗ ಹೋಗಲಿಲ್ಲ, ಕೊರಳಲ್ಲಿ ಕಲೆ ಜೀವಮಾನವಿಡೀ ಉಳಿಯಿತು. ಒಡೆದು ಕಲೆ ಉಳಿಸುವುದು ಕ್ಷಯದ ಗಂಟು. ಹಳೆಯ ಬರಹದಲ್ಲಿ ಕಲೆ, ಕೀವು, ಹುಣ್ಣು ಎಂದು ಬಂದರೆ ಅನುವಾದಕರ ಪೆನ್ನು ಅಲ್ಲೇ ನಿಲ್ಲಬೇಕು.

ಇನ್ನು ನೀರು. ಇತಿಹಾಸದ ಬರಹದಲ್ಲಿ ಗಳಗಂಡ ನಿಜವಾಗಿ ಇರುವ ಕಡೆಯೆಲ್ಲ ನೀರಿನ ದೂರೂ ಇರುತ್ತದೆ. ಸುಶ್ರುತ ಸೂತ್ರಸ್ಥಾನದ 45ನೇ ಅಧ್ಯಾಯದಲ್ಲಿ ನದಿಗಳನ್ನು ಹುಟ್ಟುವ ಬೆಟ್ಟದ ಮೇಲೆ ವಿಂಗಡಿಸುತ್ತಾನೆ: ಸಹ್ಯದ ನದಿಗಳು ಕುಷ್ಠ ತರುತ್ತವೆ, ಮಲಯದವು ಹುಳು, ಮಹೇಂದ್ರದವು ಆನೆಕಾಲು ಮತ್ತು ಹೊಟ್ಟೆಯ ರೋಗ, ಹಿಮವಂತದಲ್ಲಿ ಹುಟ್ಟಿದವು ಹೃದ್ರೋಗ, ಬಾವು, ತಲೆಯ ರೋಗ, ಆನೆಕಾಲು ಮತ್ತು ಗಲಗಂಡ. ಪಟ್ಟಿಯಲ್ಲಿ ಗಲಗಂಡ ಬರುವುದು ಹಿಮಾಲಯಕ್ಕೆ ಮಾತ್ರ. ಉಳಿದ ಸಾಲುಗಳನ್ನು ಇಂದಿನ ವೈದ್ಯ ಒಪ್ಪುವುದು ಕಷ್ಟ, ಈ ಒಂದನ್ನು ಮಾತ್ರ ಇಪ್ಪತ್ತನೇ ಶತಮಾನದ ಸಮೀಕ್ಷೆಗಳು ಗಟ್ಟಿ ಮಾಡಿವೆ. ರೋಮಿನ ವಿಟ್ರೂವಿಯಸ್ ಆಲ್ಪ್ಸ್‌ನ ಮೆಡುಲಿ ಜನರ ನೀರು ಕುಡಿದರೆ ಗಂಟಲು ಊದುತ್ತದೆ ಎಂದ. ಪ್ಲಿನಿ ಗಂಟಲು ಊದುವುದು ಮನುಷ್ಯರಿಗೂ ಹಂದಿಗೂ ಮಾತ್ರ, ಬಹುಪಾಲು ಕುಡಿಯುವ ನೀರಿನ ದೋಷದಿಂದ ಎಂದ. ಅಷ್ಟು ಹೊತ್ತಿಗೆ ಅದು ಎಷ್ಟು ಮಾಮೂಲಾಗಿತ್ತೆಂದರೆ, ಆಲ್ಪ್ಸ್‌ನಲ್ಲಿ ಊದಿದ ಗಂಟಲು ಕಂಡು ಯಾರು ಬೆರಗಾಗುತ್ತಾರೆ ಎಂದು ಜುವೆನಾಲ್ ಕವಿತೆಯಲ್ಲೇ ಕೇಳಿದ. 13ನೇ ಶತಮಾನದಲ್ಲಿ ಮಾರ್ಕೊ ಪೋಲೊ ಯಾರ್ಕಂದಿನ ಜನರ ಕೊರಳ ಊತ ಕಂಡು ಅದೂ ನೀರಿನದೇ ಎಂದು ಬರೆದ.

ಇವರೆಲ್ಲ ಸರಿಯೋ ತಪ್ಪೋ? ಊರನ್ನು ಸರಿಯಾಗಿ ಗುರುತಿಸಿದರು, ಕಾರಣವನ್ನು ತಿರುಗುಮುರುಗು ಮಾಡಿದರು. ನೀರಿನಲ್ಲಿ ಏನೋ ಕೆಟ್ಟದ್ದು ಇದೆ ಎಂದುಕೊಂಡರು, ಇರಬೇಕಾದ್ದು ಇರಲಿಲ್ಲ. ಹಿಮನದಿ ಮತ್ತು ಮಳೆ ಸಾವಿರಾರು ವರ್ಷ ಮೇಲ್ಮಣ್ಣು ತೊಳೆದು ಅದರ ಅಯೋಡಿನ್ನನ್ನು ಸಮುದ್ರಕ್ಕೆ ಒಯ್ದಿವೆ. ಆ ಮಣ್ಣಿನ ಕಾಳು, ಸೊಪ್ಪು, ಹಾಲು ಎಲ್ಲದರಲ್ಲೂ ಅದು ಕಡಿಮೆ. ನಮ್ಮ ಮೈಗೆ ಅಯೋಡಿನ್ನಿನ ಹೆಚ್ಚು ಪಾಲು ಬರುವುದು ಊಟದಿಂದ, ನೀರಿನಿಂದ ಬರುವುದು ಅಲ್ಪ. ನೀರು ಆ ಮಣ್ಣಿನ ಗುರುತು ಅಷ್ಟೆ. ಅಯೋಡಿನ್ ಸಿಗದಿದ್ದಾಗ ಮೆದುಳಿನ ಬುಡದ ಪಿಟ್ಯುಟರಿ ಥೈರಾಯ್ಡನ್ನು 'ಇನ್ನೂ ದುಡಿ' ಎಂದು ಒತ್ತಾಯಿಸುತ್ತದೆ, ದುಡಿದು ದುಡಿದು ಅದು ಬೆಳೆಯುತ್ತದೆ. ಕಚ್ಚಾ ಮಾಲು ಇಲ್ಲದೆ ಮಗ್ಗದ ಮನೆ ದೊಡ್ಡದು ಮಾಡಿದ ಹಾಗೆ.

ಭಾರತದಲ್ಲಿ ಈ ಹುಡುಕಾಟ ಹೋದ ದಾರಿಯೂ ಹೀಗೇ ವಕ್ರ. ಕುಮಾವೂನಿನಲ್ಲಿದ್ದ ಮೆಕ್ಲೆಲಂಡ್ 1835ರಲ್ಲಿ ಸುಣ್ಣಕಲ್ಲಿನ ನೀರನ್ನು ದೂರಿದ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಗಿಲ್ಗಿಟ್‌ನಲ್ಲಿ ವೈದ್ಯನಾಗಿದ್ದ ರಾಬರ್ಟ್ ಮೆಕ್‌ಕ್ಯಾರಿಸನ್, ಒಂದೇ ಕಾಲುವೆಯ ಸಾಲಿನಲ್ಲಿರುವ ಹಳ್ಳಿಗಳಲ್ಲಿ ಕೆಳಕ್ಕೆ ಹೋದಂತೆ ಗಳಗಂಡ ಹೆಚ್ಚುವುದನ್ನು ಗಮನಿಸಿದ. ಮೇಲಿನ ಹಳ್ಳಿ ಹೊಲಸು ಮಾಡಿದ ನೀರನ್ನು ಕೆಳಗಿನ ಹಳ್ಳಿ ಕುಡಿಯುತ್ತಿತ್ತು. ನೀರಿನ ಗಸಿಯನ್ನು ತಾನೂ ಕುಡಿದ, ಒಪ್ಪಿದವರಿಗೂ ಕುಡಿಸಿದ. ಕಾಯಿಸಿದ ಗಸಿಯನ್ನು ಬೇರೆಯವರಿಗೆ ಕೊಟ್ಟು ಹೋಲಿಸಿದ. ಸೂಕ್ಷ್ಮಜೀವಿಯೇ ಕಾರಣ ಎಂಬ ತೀರ್ಮಾನಕ್ಕೆ ಬಂದ. ಆತ ಎಣಿಸಿದ ಕೊರಳುಗಳ ಲೆಕ್ಕ ಇಂದಿಗೂ ಉಪಯೋಗಕ್ಕಿದೆ, ತೀರ್ಮಾನ ಬಿದ್ದುಹೋಗಿದೆ. ಹಳೆಯ ಬರಹವನ್ನು ಓದುವಾಗ ನೋಡಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ತಟ್ಟೆಯಲ್ಲಿ ಇಡಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಇದೇ ಮೆಕ್‌ಕ್ಯಾರಿಸನ್ ಕೂನೂರಿನಲ್ಲಿ ನಡೆಸಿದ ಪೋಷಣೆಯ ಪ್ರಯೋಗಾಲಯವೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ನೀರಿನ ಮಾತು ಬಂದಾಗ ನಮ್ಮ ಸೀಮೆಯವರು ಬೋರ್‌ವೆಲ್ ಕಡೆ ಬೆರಳು ತೋರಿಸುವುದು ಸಹಜ. ಪಾವಗಡ, ಬಾಗೇಪಲ್ಲಿ ಕಡೆಯ ಆಳದ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಜ. ಆದರೆ ಅದರ ಗುರುತು ಬೀಳುವುದು ಹಲ್ಲು ಮತ್ತು ಮೂಳೆಯ ಮೇಲೆ: ಹಲ್ಲಿನ ಮೇಲೆ ಕಂದು ಪಟ್ಟೆ, ಬೆನ್ನು ಮತ್ತು ಕೀಲು ಬಿಗಿಯುವುದು. ಕುಡಿಯುವ ನೀರಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಸುಶ್ರುತನ 'ಹಿಮವಂತದ ನೀರು' ಎಂಬ ಮಾತನ್ನು ಇಲ್ಲಿನ ಗಡಸು ನೀರಿಗೆ ತಂದು ಜೋಡಿಸಿ 'ಪ್ರಾಚೀನರು ಬೋರ್‌ವೆಲ್ ನೀರಿನ ಗಳಗಂಡ ತಿಳಿದಿದ್ದರು' ಎನ್ನುವುದು ಎರಡು ಸಾವಿರ ಕಿಲೋಮೀಟರಿನ ಜಿಗಿತ. ನಂದಿಬೆಟ್ಟದ ಸುತ್ತ ಹುಟ್ಟುವ ಪಾಲಾರ್, ಪಿನಾಕಿನಿಗಳು ಆ ಪಟ್ಟಿಯಲ್ಲಿ ಇಲ್ಲ. ಹಾಗೆಂದು ಬಯಲುಸೀಮೆಯಲ್ಲಿ ಅಯೋಡಿನ್ ಕೊರತೆ ಬರುವುದೇ ಇಲ್ಲ ಎಂದೂ ಅಲ್ಲ. ಬಯಲಿನಲ್ಲೂ ಕಡಲ ಕರೆಯಲ್ಲೂ ಸಮೀಕ್ಷೆಗಳು ಅದನ್ನು ಕಂಡಿವೆ.

ಚಿಕಿತ್ಸೆಯ ಚರಿತ್ರೆಯಲ್ಲಿ ಪದದ ಗೊಂದಲ ಇನ್ನೂ ಅಪಾಯದ್ದು. ಚೀನದಲ್ಲಿ ನಾಲ್ಕನೇ ಶತಮಾನದ ಗೆ ಹಾಂಗ್ ಸಮುದ್ರಪಾಚಿಯನ್ನು ಮದ್ಯದಲ್ಲಿ ನೆನೆಹಾಕಿ ಕೊಡಲು ಹೇಳಿದ. ಏಳನೇ ಶತಮಾನದ ಸುನ್ ಸಿಮಿಯಾವೊ ಪ್ರಾಣಿಗಳ ಥೈರಾಯ್ಡನ್ನೇ ಬಳಸಿದ. ಯುರೋಪಿನಲ್ಲಿ ಸಮುದ್ರದ ಸ್ಪಂಜನ್ನು ಸುಟ್ಟು ಬೂದಿ ಕೊಡುತ್ತಿದ್ದರು. ಇವೆಲ್ಲದರಲ್ಲೂ ಅಯೋಡಿನ್ ಇತ್ತು, ಹೆಸರು ಗೊತ್ತಿರಲಿಲ್ಲ. ನಮ್ಮಲ್ಲಿ 11ನೇ ಶತಮಾನದ ಬಂಗಾಳದ ಚಕ್ರಪಾಣಿದತ್ತ ಗಲಗಂಡಕ್ಕೆ 'ಜಲಕುಂಭೀ'ಯ ಬೂದಿಯನ್ನು ಗೋಮೂತ್ರದಲ್ಲಿ ಸೋಸಿ ಕುಡಿದು, ಕೋದ್ರವದ ಅನ್ನ ಉಣ್ಣಬೇಕು ಎನ್ನುತ್ತಾನೆ. ಕೋದ್ರವ ನಮ್ಮ ಹಾರಕ. ಜಲಕುಂಭೀ ಕನ್ನಡದಲ್ಲಿ ಅಂತರಗಂಗೆ, ಕೆರೆಯ ಮೇಲೆ ಪುಟ್ಟ ಎಲೆಕೋಸಿನ ಹಾಗೆ ಬಿಡಿಬಿಡಿಯಾಗಿ ತೇಲುವ ಗಿಡ. ಅವಸರದ ಅನುವಾದ ಕೆಡುವುದು ಇಂಥಲ್ಲೇ. ಅಂತರಗಂಗೆ ಎಂದರೆ ಕೋಲಾರದವರಿಗೆ ಬೆಟ್ಟ, ಬಸವನ ಬಾಯಿಂದ ಬೀಳುವ ನೀರು. 'ಗಳಗಂಡಕ್ಕೆ ಅಂತರಗಂಗೆ' ಎಂದಷ್ಟೇ ಬರೆದರೆ ಬಾಟಲಿ ಹಿಡಿದು ಮೆಟ್ಟಿಲು ಹತ್ತುವವರು ಇದ್ದೇ ಇರುತ್ತಾರೆ. ಇನ್ನೊಂದು ತಪ್ಪೂ ಕಾದಿದೆ: ಈಗ ಕೆರೆಗಳನ್ನು ಮುಚ್ಚಿರುವ ನೇರಳೆ ಹೂವಿನ, ದೊಣ್ಣೆ ತೊಟ್ಟಿನ ಕಳೆಯನ್ನೂ ಜನ ಜಲಕುಂಭಿ, ಅಂತರಗಂಗೆ ಎನ್ನುತ್ತಾರೆ. ಅದು ದಕ್ಷಿಣ ಅಮೆರಿಕದಿಂದ ಬ್ರಿಟಿಷರ ಕಾಲದಲ್ಲಿ ಬಂದದ್ದು, ಚಕ್ರಪಾಣಿದತ್ತ ಕಂಡದ್ದಲ್ಲ. ಸಮುದ್ರಪಾಚಿಯಲ್ಲಿ ಅಯೋಡಿನ್ ಇದೆ ಎಂಬ ಮಾತನ್ನು ಕೆರೆಯ ಗಿಡಕ್ಕೆ ಹಾಗೇ ಅಂಟಿಸುವುದೂ ಸಲ್ಲದು. ಕಡಲ ನೀರಿನಿಂದ ಹೀರಿ ಕೂಡಿಡುವುದು ಕಡಲ ಪಾಚಿಯ ಗುಣ.

ಕಾಂಚನಾರ ಗುಗ್ಗುಳವನ್ನು 'ಥೈರಾಯ್ಡಿಗೆ ಋಷಿಗಳ ಔಷಧ' ಎಂದು ಬರೆಯುವವರಿಗೂ ಒಂದು ಮಾತು. ಅದು ಶಾರ್ಙ್ಗಧರಸಂಹಿತೆಯ ಯೋಗ: ಕಂಚುವಾಳದ ತೊಗಟೆ 10 ಪಲ, ತ್ರಿಫಲಾ 6 ಪಲ, ತ್ರಿಕಟು 3 ಪಲ, ವರುಣ 1 ಪಲ, ಏಲಕ್ಕಿ, ದಾಲ್ಚಿನ್ನಿ, ಪತ್ರೆ ಒಂದೊಂದು ಕರ್ಷ, ಎಲ್ಲದರ ಒಟ್ಟು ತೂಕದಷ್ಟು ಗುಗ್ಗುಳ. ಇಂದಿನ ಲೆಕ್ಕದಲ್ಲಿ ಪಲಕ್ಕೆ ಸುಮಾರು 48 ಗ್ರಾಂ, ಕರ್ಷ ಅದರ ಕಾಲು ಭಾಗ. ಫಲ ಹೇಳುವ ಶ್ಲೋಕದಲ್ಲಿ ಮೊದಲು ಬರುವುದು ಗಂಡಮಾಲೆ, ಆಮೇಲೆ ಅಪಚೀ, ಅರ್ಬುದ, ಗ್ರಂಥಿ, ವ್ರಣ, ಗುಲ್ಮ, ಕುಷ್ಠ, ಭಗಂದರ. ಗಲಗಂಡದ ಹೆಸರು ಅಲ್ಲಿಲ್ಲ. ಗಂಡಮಾಲೆಯನ್ನು ಗಳಗಂಡ ಎಂದು, ಗಳಗಂಡವನ್ನು ಥೈರಾಯ್ಡ್ ಎಂದು, ಥೈರಾಯ್ಡ್ ಊತವನ್ನು ಥೈರಾಯ್ಡ್ ಕೊರತೆ ಎಂದು ಮೂರು ಸಲ ಜಾರಿದ ಮೇಲೆ ಈ ಗುಳಿಗೆ ಇಲ್ಲಿಗೆ ತಲುಪಿದೆ. ಗ್ರಂಥಿ ಊದದೆಯೂ ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗಬಹುದು. ಊದಿದ ಗ್ರಂಥಿ ಸರಿಯಾಗಿಯೂ ಕೆಲಸ ಮಾಡಬಹುದು, ಹೆಚ್ಚಾಗಿಯೂ ಮಾಡಬಹುದು. ಯಾವುದು ಎಂದು ಹೇಳುವುದು ಟಿ.ಎಸ್.ಎಚ್. (ಥೈರಾಯ್ಡನ್ನು ದುಡಿಸುವ ಪಿಟ್ಯುಟರಿ ಹಾರ್ಮೋನ್) ರಕ್ತಪರೀಕ್ಷೆ. ಲೇಖನ ಓದಿ ಬೆಳಗಿನ ಥೈರಾಕ್ಸಿನ್ ಮಾತ್ರೆ ನಿಲ್ಲಿಸಿದವರಿಗೆ ಮೊದಲ ವಾರ ಏನೂ ಅನ್ನಿಸುವುದಿಲ್ಲ, ಏಕೆಂದರೆ ಆ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಏಳು ದಿನ ಬೇಕು. ತೊಂದರೆ ಆಮೇಲೆ ನಿಧಾನವಾಗಿ ಬರುತ್ತದೆ. ಬಸುರಿಯರಲ್ಲಿ ಆ ನಿಧಾನ ಹೊಟ್ಟೆಯ ಕೂಸಿನ ಮೆದುಳಿಗೆ ಕುತ್ತು.

ಅಯೋಡಿನ್ನಿನ ಕತೆ ಬೇಗ ಹೇಳಿಬಿಡಬಹುದು. 1811ರಲ್ಲಿ ಫ್ರಾನ್ಸಿನ ಕುರ್ತ್ವಾ ಕಡಲಪಾಚಿಯ ಬೂದಿಯಲ್ಲಿ ನೇರಳೆ ಆವಿ ಕಂಡ. 1820ರಲ್ಲಿ ಜಿನೀವಾದ ಕ್ವಾಂದೆ ಅದನ್ನು ಗಳಗಂಡಕ್ಕೆ ಕೊಟ್ಟ. ಊತ ಇಳಿಯಿತು, ಆದರೆ ಪ್ರಮಾಣ ಇಂದಿನ ದಿನದ ಅಗತ್ಯದ ನೂರಾರು ಪಟ್ಟು, ಕೆಲವರಿಗೆ ಎದೆ ಹೊಡೆದುಕೊಂಡು, ಮೈ ಇಳಿದು ಕೆಟ್ಟ ಹೆಸರು ಬಂತು. 1895ರಲ್ಲಿ ಬೌಮನ್ ಥೈರಾಯ್ಡಿನಲ್ಲೇ ಅಯೋಡಿನ್ ಇದೆ ಎಂದು ತೋರಿಸಿದ. 1917ರಿಂದ ಅಮೆರಿಕದ ಏಕ್ರನ್ ಪಟ್ಟಣದ ಶಾಲಾ ಹುಡುಗಿಯರಿಗೆ ಮರೀನ್ ಮತ್ತು ಕಿಂಬಾಲ್ ಅಯೋಡೈಡ್ (ಅಯೋಡಿನ್ನಿನ ಒಂದು ಲವಣ) ಕೊಟ್ಟರು: ತೆಗೆದುಕೊಂಡ 2,190 ಮಂದಿಯಲ್ಲಿ 5 ಕೊರಳು ಊದಿದವು, ತೆಗೆದುಕೊಳ್ಳದ 2,305ರಲ್ಲಿ 495. ನಮ್ಮ ದೇಶದಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಜೊತೆಯವರು 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯನ್ನು ಮೂರು ವಲಯ ಮಾಡಿ ಒಂದಕ್ಕೆ ಅಯೋಡೈಡ್ ಉಪ್ಪು, ಒಂದಕ್ಕೆ ಅಯೋಡೇಟ್ ಉಪ್ಪು, ಒಂದಕ್ಕೆ ಬರೀ ಉಪ್ಪು ಕೊಟ್ಟರು. ಬರೀ ಉಪ್ಪಿನ ವಲಯ ಬಿಟ್ಟು ಉಳಿದೆರಡರಲ್ಲೂ ಗಳಗಂಡ ಇಳಿಯಿತು, 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ನಮ್ಮ ಉಪ್ಪಿಗೆ ಅಯೋಡೇಟ್ ಆರಿಸಿದ್ದಕ್ಕೆ ಕಾರಣವಿದೆ: ತೇವ, ಬಿಸಿಲು, ಕಸರು ಇರುವ ಉಪ್ಪಿನಲ್ಲಿ ಅಯೋಡೈಡ್ ಬೇಗ ಹಾರಿಹೋಗುತ್ತದೆ, ಅಯೋಡೇಟ್ ಉಳಿಯುತ್ತದೆ. ಒಂದು ಟನ್ ಉಪ್ಪಿಗೆ ಸುಮಾರು 50 ಗ್ರಾಂ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದರೆ ಕಿಲೋಗೆ 30 ಮಿಲಿಗ್ರಾಂ ಅಯೋಡಿನ್ ಆಗುತ್ತದೆ. ಅಂಗಡಿಯಿಂದ ಮನೆಗೆ ಬರುವಾಗ ಕನಿಷ್ಠ 15 ಉಳಿದಿರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ, ಬಸುರಿಯರಿಗೆ 250.

'ನಮ್ಮದು ಸಮುದ್ರದ ಉಪ್ಪು, ಅದರಲ್ಲಿ ಅಯೋಡಿನ್ ಇದ್ದೇ ಇರುತ್ತದೆ' ಎಂಬ ವಾದವೂ ಲೇಖನಗಳಲ್ಲಿ ಬರುತ್ತದೆ. ಇರುವುದಿಲ್ಲ. ಕಡಲ ನೀರಿನಲ್ಲೇ ಅದು ಲೀಟರಿಗೆ 50–60 ಮೈಕ್ರೋಗ್ರಾಂ, ಪಾತಿಯಲ್ಲಿ ಒಣಗುವಾಗ ಉಪ್ಪಿನ ಹರಳಿನೊಳಗೆ ನಿಲ್ಲುವುದು ಇನ್ನೂ ಕಡಿಮೆ. ಗುಲಾಬಿ ಬಣ್ಣದ 'ಹಿಮಾಲಯದ ಉಪ್ಪು' ಬರುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯಿಂದ. ಅದರಲ್ಲೂ ಅಯೋಡಿನ್ ನಗಣ್ಯ. ಗಳಗಂಡಕ್ಕೆ ಎರಡು ಸಾವಿರ ವರ್ಷದಿಂದ ಹೆಸರಾದ ಪರ್ವತದ ಹೆಸರಿಟ್ಟ ಉಪ್ಪನ್ನು ಥೈರಾಯ್ಡಿಗೆ ಒಳ್ಳೆಯದೆಂದು ದುಬಾರಿ ಬೆಲೆಗೆ ಕೊಳ್ಳುವುದು ತಮಾಷೆಯೇ ಸರಿ. ಕಲ್ಲುಪ್ಪು ಬಳಸುವ ಮನೆಗಳಲ್ಲಿ ಇನ್ನೊಂದು ಅಭ್ಯಾಸವಿದೆ, ಮಣ್ಣು ಹೋಗಲೆಂದು ಉಪ್ಪನ್ನು ತೊಳೆದು ಒಣಗಿಸುವುದು. ಅಯೋಡೇಟ್ ಅಂಟಿರುವುದು ಹರಳಿನ ಮೈಮೇಲೆ, ತೊಳೆದ ನೀರಿನ ಜೊತೆ ಚರಂಡಿಗೆ ಹೋಗುತ್ತದೆ.

ಇನ್ನು ನಮ್ಮೂರಿನ ಕಲ್ಲುಗಳ ವಿಷಯ. ವಿಗ್ರಹದ ಕೊರಳಲ್ಲಿ ಅಡ್ಡಗೆರೆ ಕಂಡರೆ 'ಆ ಕಾಲದಲ್ಲಿ ಗಳಗಂಡ ಇತ್ತು' ಎನ್ನುವುದು ಹೊಸ ಚಾಳಿ. ನಂದಿಯ ಭೋಗನಂದೀಶ್ವರ, ಕೈದಾಳದ ಚೆನ್ನಕೇಶವ, ಕೋಲಾರದ ಸೋಮೇಶ್ವರ, ಯಾವ ಗುಡಿಗೆ ಹೋದರೂ ನೋಡುವವರು ಇದನ್ನು ನೆನಪಿಡಬೇಕು: ಕೊರಳ ಮೂರು ಗೆರೆ ಕಂಬುಗ್ರೀವದ ಲಕ್ಷಣ, ಶಂಖದ ಸುತ್ತಿನ ಹಾಗೆ ಇರಬೇಕೆಂದು ಶಿಲ್ಪಿ ಬಯಸಿ ಕೆತ್ತಿದ್ದು. ಗೆರೆ ಸಮಾನ ಅಂತರದಲ್ಲಿ ಕೊರಳ ಅಗಲಕ್ಕೂ ಹೋಗುತ್ತದೆ, ಎಡಬಲ ಒಂದೇ ಸಮ, ದೇವರಿಗೂ ದ್ವಾರಪಾಲಕರಿಗೂ ಒಂದೇ ಅಳತೆ. ಗಳಗಂಡವಾದರೆ ಉಬ್ಬು ಗಂಟಲಮಣಿಯ ಕೆಳಗೆ ನಡುವೆ ಇರಬೇಕು, ಎರಡು ಹಾಲೆಯಲ್ಲಿ ಒಂದು ಹೆಚ್ಚು ಕಡಿಮೆ ಇರಬೇಕು. ಬಿಗಿ ಕಂಠಿಯ ಮೇಲೆ ಉಬ್ಬಿದ ಮಾಂಸಲ ಕೊರಳನ್ನೂ ಊತವೆಂದು ಓದಬಾರದು.

ಶಾಸನ ಓದುವವರಿಗೆ ಎಚ್ಚರಿಕೆ ಬೇರೆ ತರಹದ್ದು. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಕೋಲಾರದ್ದು, 1905. 12ನೇ ಸಂಪುಟ ತುಮಕೂರಿನದು, 1904. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರದೊಳಗೇ ಇದ್ದುದರಿಂದ ಅಲ್ಲಿನ ಕಲ್ಲುಗಳೂ 10ರಲ್ಲೇ ಸಿಗುತ್ತವೆ. ಪುಟ ಪುಟಕ್ಕೂ 'ಗಂಡ' ಬರುತ್ತದೆ. ಅದು ಕನ್ನಡದ ಗಂಡ, ವೀರ. ಮೂರುರಾಯರಗಂಡ ಎಂದರೆ ಮೂವರು ರಾಜರನ್ನು ಮೀರಿಸಿದವನು. ಸಂಸ್ಕೃತದ ಗಂಡ, ಕೆನ್ನೆ ಅಥವಾ ಊತ, ಅದರ ಪಕ್ಕದಲ್ಲಿ ಎಲ್ಲೂ ಕೂರುವುದಿಲ್ಲ. ಕಂಪ್ಯೂಟರಿನಲ್ಲಿ ಪದ ಹುಡುಕಿ ಪಟ್ಟಿ ಮಾಡುವವರು ಬೇಕಾದರೆ ವಿಜಯನಗರದ ಅರಸರಿಗೆಲ್ಲ ಗಳಗಂಡ ಹಚ್ಚಿಬಿಡಬಹುದು.

ಮನೆಯ ಉಪ್ಪಿನಲ್ಲಿ ಅಯೋಡಿನ್ ಇದೆಯೇ ಎಂದು ನೋಡುವ ಪುಟ್ಟ ಕಿಟ್ ಆಶಾ ಕಾರ್ಯಕರ್ತೆಯರ ಬಳಿ ಇರುತ್ತದೆ. ಚಮಚದಷ್ಟು ಉಪ್ಪನ್ನು ಸಮ ಮಾಡಿ ಒಂದು ಹನಿ ಹಾಕಿದರೆ ನಿಮಿಷದೊಳಗೆ ನೀಲಿ ಬರಬೇಕು, ಪಟ್ಟಿಯ 0, 7, 15, 30ರ ಬಣ್ಣಕ್ಕೆ ಹೋಲಿಸಬೇಕು. ಬಣ್ಣ ಬಾರದಿದ್ದರೆ ತಕ್ಷಣ 'ಇಲ್ಲ' ಎನ್ನಬಾರದು. ಕ್ಷಾರದ ಅಂಶವಿರುವ ಉಪ್ಪು ಬಣ್ಣವನ್ನು ತಡೆಯುತ್ತದೆ. ಅದಕ್ಕೇ ಕೊಟ್ಟಿರುವ ಎರಡನೇ ಬಾಟಲಿಯ ಹನಿ ಹಾಕಿ, ಅದರ ಮೇಲೆ ಮತ್ತೆ ಮೊದಲ ಬಾಟಲಿಯ ಹನಿ ಹಾಕಿ ನೋಡಬೇಕು. ಅವಧಿ ಮುಗಿದ ಬಾಟಲಿಯ ಪಿಷ್ಟ ಕೆಟ್ಟು ಯಾವ ಉಪ್ಪಿಗೂ ಬಣ್ಣ ಕೊಡದು, ದಿನಾಂಕ ಮೊದಲು ನೋಡಿ. ಕಿಟ್ ಹೇಳುವುದು ಇದೆ, ಇಲ್ಲ, ಹೆಚ್ಚುಕಡಿಮೆ ಇಷ್ಟು ಎಂದಷ್ಟೇ; ಕರಾರುವಾಕ್ಕಾದ ಲೆಕ್ಕಕ್ಕೆ ಪ್ರಯೋಗಾಲಯದಲ್ಲಿ ಥಯೋಸಲ್ಫೇಟ್ ಹಾಕಿ ಅಳೆಯಬೇಕು.

ಸಂಪಾದಕರಲ್ಲಿ ಕೇಳಿಕೊಳ್ಳುವುದು ಒಂದೇ. ಮುಂದೆ ಇಂಥ ಲೇಖನ ಮೇಜಿಗೆ ಬಂದಾಗ 'ಗಳಗಂಡ' ಎಂಬ ಪದದ ಪಕ್ಕ ಪೆನ್ಸಿಲಿನಲ್ಲಿ ನಾಲ್ಕು ಪ್ರಶ್ನೆ ಬರೆದು ಲೇಖಕರಿಗೆ ವಾಪಸ್ ಕಳಿಸಿ: ಮೂಲದಲ್ಲಿ ಊತ ಒಂದೋ ಹಲವೋ, ಕೊರಳ ನಡುವೆಯೋ ಪಕ್ಕವೋ, ಒಡೆಯಿತೋ ಇಲ್ಲವೋ, ಮೂಲದ ಪದ ಯಾವುದು. ನಾಲ್ಕನೆಯದಕ್ಕೆ ಉತ್ತರ ಬಾರದಿದ್ದರೆ 'ಕೊರಳಿನ ಊತ' ಎಂದಷ್ಟೇ ಅಚ್ಚು ಮಾಡಿ.

ಇಬ್ಬರು ವೈದ್ಯರು ಮತ್ತು ಒಬ್ಬ ಸಂಸ್ಕೃತ ಮೇಷ್ಟರು,
ಚಿಕ್ಕಬಳ್ಳಾಪುರ